ಗಾಳಿ ಇಳಿದ ಕಾರಿಗೆ ಉಕ್ಕಿನ ಸುರುಳಿ

ಸಂಜೆ ಸಮನಾಗಿ ನಿಲ್ಲಿಸಿದ ಕಾರು ಬೆಳಗಾಗುವಷ್ಟರಲ್ಲಿ ಹಿಂಬದಿಯ ಒಂದು ಮೂಲೆಯಲ್ಲಿ ಕುಸಿದಿರುತ್ತದೆ. ಟೈರಿನ ಮೇಲ್ಭಾಗ ಮಡ್‌ಗಾರ್ಡಿನೊಳಗೆ ಮುಳುಗಿರುತ್ತದೆ. ಕೀ ತಿರುಗಿಸಿದರೆ ಬಾನೆಟ್ಟಿನ ಕೆಳಗೆಲ್ಲೋ ಸಣ್ಣ ಮೋಟಾರೊಂದು ಗುಂಯ್‌ಗುಡುತ್ತದೆ, ಕುಸಿದ ಮೂಲೆ ಮೆಲ್ಲಗೆ ಎದ್ದು ನಿಲ್ಲುತ್ತದೆ. ಕೆಲವು ತಿಂಗಳು ಹೀಗೇ ಸಾಗುತ್ತದೆ. ಮೋಟಾರು ಕೂಗುವ ಹೊತ್ತು ದಿನದಿಂದ ದಿನಕ್ಕೆ ಹೆಚ್ಚುತ್ತದೆ. ಕೊನೆಗೊಂದು ಬೆಳಗ್ಗೆ ಸದ್ದೂ ಇಲ್ಲ, ಏಳುವುದೂ ಇಲ್ಲ. ಅಮೆರಿಕದಲ್ಲಿ ಹಳೆಯ ಲಿಂಕನ್ ಟೌನ್ ಕಾರ್ ಇಟ್ಟುಕೊಂಡವರಿಗೆಲ್ಲ ಈ ಕಾಯಿಲೆಯ ಹಂತಗಳು ಬಾಯಿಪಾಠ. ಅವರಲ್ಲಿ ಬಹಳಷ್ಟು ಮಂದಿ ಮನೆಯ ಮುಂದಿನ ಕಾಂಕ್ರೀಟಿನ ಮೇಲೇ ಕಾರನ್ನೆತ್ತಿ, ಹಿಂದಿನ ಎರಡು ಗಾಳಿಚೀಲಗಳನ್ನು ಬಿಚ್ಚಿ, ಉಕ್ಕಿನ ಕಾಯಿಲ್ ಸ್ಪ್ರಿಂಗ್ ಕೂರಿಸಿಕೊಂಡಿದ್ದಾರೆ.

ಟೌನ್ ಕಾರ್ ಎಂದರೆ ಅಮೆರಿಕದ ವಿಮಾನ ನಿಲ್ದಾಣಗಳ ಹೊರಗೆ ಸಾಲಾಗಿ ನಿಂತಿರುತ್ತಿದ್ದ ಆ ಉದ್ದನೆಯ ಕಪ್ಪು ಕಾರು. ತೊಂಬತ್ತರ ದಶಕದಲ್ಲಿ ಕಂಪನಿ ಕೆಲಸಕ್ಕೆಂದು ಅಲ್ಲಿಗೆ ಹೋದ ನಮ್ಮ ಅನೇಕ ಎಂಜಿನಿಯರುಗಳು ಹೊಸ ದೇಶದಲ್ಲಿ ಮೊದಲು ಕೂತದ್ದು ಇಂಥದೊಂದರ ಹಿಂದಿನ ಸೀಟಿನಲ್ಲೇ ಇರಬೇಕು. ಫೋರ್ಡ್ ಕಂಪನಿಯ ಪ್ಯಾಂಥರ್ ಎಂಬ ಚಾಸಿಯ ಮೇಲೆ ಕಟ್ಟಿದ ಕಾರು ಇದು. ನಮ್ಮ ಬೊಲೆರೊದ ಹಾಗೆ ಚಾಸಿ ಬೇರೆ, ಬಾಡಿ ಬೇರೆ. ಹಿಂದೆ ಎರಡೂ ಚಕ್ರಗಳನ್ನು ಬೆಸೆದ ಒಂದೇ ಗಟ್ಟಿ ಆಕ್ಸಲ್. ಮುಂದಿನ ಚಕ್ರಗಳ ಮೇಲೆ ಮೊದಲಿನಿಂದಲೂ ಕಾಯಿಲ್ ಸ್ಪ್ರಿಂಗೇ ಇತ್ತು. 1990ರ ದಶಕದಿಂದ 2011ರಲ್ಲಿ ತಯಾರಿಕೆ ನಿಲ್ಲುವವರೆಗೆ ಹಿಂದಿನ ಆಕ್ಸಲ್ ಮಾತ್ರ ಗಾಳಿಯ ಮೇಲೆ ಕೂತಿತ್ತು. ಇದೇ ಚಾಸಿಯ ಮೇಲೆ ಬಂದ ಇನ್ನೊಂದು ಕಾರು ಕ್ರೌನ್ ವಿಕ್ಟೋರಿಯ. ಅಮೆರಿಕದ ಪೊಲೀಸರು, ಟ್ಯಾಕ್ಸಿಯವರು ವರ್ಷಗಟ್ಟಲೆ ಓಡಿಸಿದ ಗಟ್ಟಿಗ. ಅದರ ಪೊಲೀಸ್ ಮಾದರಿಗೆ ಹಿಂದೆಯೂ ಕಾಯಿಲ್ ಸ್ಪ್ರಿಂಗ್. ಗಾಳಿ ತೆಗೆದು ಉಕ್ಕು ಹಾಕುವವರಿಗೆ ಈ ಕಾರು ಒಲಿದದ್ದಕ್ಕೆ ಮುಖ್ಯ ಕಾರಣ ಇದು. ಒಂದೇ ಆಕ್ಸಲ್, ಒಂದೇ ಚಾಸಿ, ಅದಕ್ಕೆ ಎರಡೂ ಬಗೆಯ ಸ್ಪ್ರಿಂಗ್‌ಗಳನ್ನು ಕಾರ್ಖಾನೆಯವರೇ ಹಾಕಿ ಓಡಿಸಿ ನೋಡಿದ್ದರು. ಮನೆಯಲ್ಲಿ ಸ್ಪ್ಯಾನರ್ ಹಿಡಿದವನು ಹೊಸದೇನನ್ನೂ ಕಂಡುಹಿಡಿಯಬೇಕಿರಲಿಲ್ಲ.

ಹಾಗಿದ್ದ ಮೇಲೆ ಆ ಗಾಳಿಯನ್ನು ಹಾಕಿದ್ದಾದರೂ ಯಾಕೆ? ಇದನ್ನು ಅರ್ಥಮಾಡಿಕೊಳ್ಳದೆ ಬಿಚ್ಚಲು ಹೊರಡುವುದು ತಪ್ಪು ಎಂಬುದು ನನ್ನ ಗಟ್ಟಿ ನಂಬಿಕೆ. ಗಾಳಿ ಸ್ಪ್ರಿಂಗ್ ತೆಗೆದಾಗ ಕಾರಿನಿಂದ ಹೊರಬರುವುದು ರಬ್ಬರಿನ ಚೀಲ ಒಂದೇ ಅಲ್ಲ. ಭಾರ ನೋಡಿ ಎತ್ತರ ತೀರ್ಮಾನಿಸುವ ಒಂದು ಇಡೀ ವ್ಯವಸ್ಥೆ ಅದರ ಜೊತೆ ಹೊರಬರುತ್ತದೆ. ಅಲ್ಲಿಂದ ಮುಂದೆ ಆ ತೀರ್ಮಾನವನ್ನು ಕಾರಿನ ಮಾಲೀಕನೇ ಮಾಡಬೇಕು, ಅದೂ ಒಂದೇ ಸಲ, ಸ್ಪ್ರಿಂಗ್ ಆರಿಸುವ ದಿನ.

ಒಂದು ಲೆಕ್ಕ ಹಾಕಿ ನೋಡೋಣ. ಹಿಂದಿನ ಒಂದು ಚಕ್ರದ ಮೇಲೆ ಬಾಡಿಯ 400 ಕೆ.ಜಿ. ಭಾರ ಕೂತಿದೆ ಎಂದಿಟ್ಟುಕೊಳ್ಳಿ. ಪ್ರಯಾಣ ಹಿತವಾಗಿರಬೇಕಾದರೆ ಆ ಭಾರ ಸ್ಪ್ರಿಂಗಿನ ಮೇಲೆ ಸೆಕೆಂಡಿಗೆ ಒಂದು ಸಲಕ್ಕಿಂತ ತುಸು ಹೆಚ್ಚು, ಹೇಳುವುದಾದರೆ 1.2 ಸಲ, ತೂಗುವಂತಿರಬೇಕು. ಅದಕ್ಕಿಂತ ಬೇಗ ತೂಗಿದರೆ ರಸ್ತೆಯ ಪ್ರತಿ ಗುಂಡಿಯೂ ಬೆನ್ನಿಗೆ ತಾಕುತ್ತದೆ. ತೀರಾ ನಿಧಾನವಾದರೆ ದೋಣಿಯಲ್ಲಿ ಕೂತಂತಾಗಿ ಹೊಟ್ಟೆ ತೊಳಸುತ್ತದೆ. 400 ಕೆ.ಜಿ.ಯನ್ನು 1.2ರಲ್ಲಿ ತೂಗಿಸುವ ಕಾಯಿಲ್ ಸ್ಪ್ರಿಂಗಿನ ಬಿಗಿ ಮಿಲಿಮೀಟರಿಗೆ ಸುಮಾರು 23 ನ್ಯೂಟನ್. ಈಗ ಹಿಂದಿನ ಸೀಟಿಗೆ ಇಬ್ಬರು ದೊಡ್ಡವರು ಹತ್ತಿದರು, ಡಿಕ್ಕಿಗೆ ಎರಡು ದೊಡ್ಡ ಸೂಟ್‌ಕೇಸ್ ಬಿತ್ತು. ಆ ಚಕ್ರದ ಪಾಲಿಗೆ ಇನ್ನೂ 100 ಕೆ.ಜಿ. ಸೇರಿತು. ಕಾಯಿಲ್ ಆದರೆ ಕಾರಿನ ಹಿಂಬದಿ ಸುಮಾರು 43 ಮಿಲಿಮೀಟರ್ ಕೆಳಗಿಳಿಯುತ್ತದೆ, ತೂಗುವ ಲಯವೂ 1.2ರಿಂದ 1.07ಕ್ಕೆ ಇಳಿಯುತ್ತದೆ. ಎತ್ತರವೂ ಬದಲು, ನಡಿಗೆಯೂ ಬದಲು.

ಅದೇ ಜಾಗದಲ್ಲಿ ಹನ್ನೆರಡು ಸೆಂಟಿಮೀಟರ್ ವ್ಯಾಸದ ಗಾಳಿಚೀಲ ಇದ್ದರೆ 400 ಕೆ.ಜಿ. ಹೊರಲು ಅದರೊಳಗೆ ಸುಮಾರು 50 ಪಿ.ಎಸ್.ಐ. ಒತ್ತಡ ಬೇಕು. ಭಾರ 500 ಕೆ.ಜಿ.ಗೆ ಏರಿದಾಗ ಹಿಂಬದಿ ತುಸು ಇಳಿಯುತ್ತದೆ. ಆಕ್ಸಲ್ ಮತ್ತು ಚಾಸಿಯ ನಡುವಿನ ಎತ್ತರದ ಸೆನ್ಸರ್ ಅದನ್ನು ಕಂಡು ಕಂಟ್ರೋಲ್ ಮಾಡ್ಯೂಲಿಗೆ ತಿಳಿಸುತ್ತದೆ. ಮಾಡ್ಯೂಲ್ ಕಂಪ್ರೆಸರ್ ಓಡಿಸಿ, ಚೀಲದ ಬಾಯಿಯ ಸೊಲೆನಾಯ್ಡ್ ವಾಲ್ವ್ ತೆರೆದು ಒತ್ತಡವನ್ನು 63ರ ಹತ್ತಿರಕ್ಕೆ ತರುತ್ತದೆ. ಕಾರು ಮತ್ತೆ ಮೊದಲಿನ ಎತ್ತರದಲ್ಲೇ ನಿಲ್ಲುತ್ತದೆ. ಇದಕ್ಕಿಂತ ಸೊಗಸಾದ ಗುಣ ಇನ್ನೊಂದಿದೆ: ಗಾಳಿಯ ಒತ್ತಡ ಏರಿದಷ್ಟೂ ಚೀಲದ ಬಿಗಿಯೂ ಏರುತ್ತದೆ. ಭಾರ ಮತ್ತು ಬಿಗಿ ಜೊತೆಜೊತೆಗೆ ಹೆಚ್ಚುವುದರಿಂದ ತೂಗುವ ಲಯ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಖಾಲಿ ಕಾರೂ ತುಂಬಿದ ಕಾರೂ ಒಂದೇ ರೀತಿ ನಡೆಯುತ್ತವೆ. ಒಬ್ಬ ಚಾಲಕ ಮಾತ್ರ ಇರುವ ಹೊತ್ತೂ, ನಾಲ್ವರು ಪ್ರಯಾಣಿಕರು ಪೆಟ್ಟಿಗೆಗಳ ಸಮೇತ ತುಂಬಿದ ಹೊತ್ತೂ ದಿನಕ್ಕೆ ಹತ್ತಾರು ಸಲ ಬರುವ ಟೌನ್ ಕಾರಿಗೆ ಇದು ಬಹಳ ಹೊಂದುವ ಉಪಾಯವಾಗಿತ್ತು.

ನಮ್ಮಲ್ಲಿ ಇದರ ಸುಖ ಕಂಡವರು ಹೆಚ್ಚಾಗಿ ಬಸ್ಸಿನಲ್ಲಿ ಕಂಡವರು. 2001ರಲ್ಲಿ ವೋಲ್ವೊ ಕಂಪನಿಯ ಬಿ7ಆರ್ ಬಸ್ಸುಗಳು ಭಾರತಕ್ಕೆ ಬಂದಾಗ, ಮುಂದೆ ಕೆಎಸ್ಆರ್‌ಟಿಸಿಯ ಐರಾವತವಾಗಿ ಬೆಂಗಳೂರಿನಿಂದ ಹೊರಟಾಗ, ಜನ ಅವುಗಳ ಎ.ಸಿ.ಯನ್ನು ಹೊಗಳಿದಷ್ಟೇ ಆ ತೇಲುವ ನಡಿಗೆಯನ್ನೂ ಹೊಗಳಿದರು. ಕಮಾನು ಪಟ್ಟಿಯ ಕೆಂಪು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಘಟ್ಟ ಇಳಿದವರಿಗೆ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಸ್ಸಿನಲ್ಲಿ ಖಾಲಿ ತೂಕಕ್ಕೂ ತುಂಬಿದ ತೂಕಕ್ಕೂ ಇರುವ ಅಂತರ ಟನ್ನುಗಳಲ್ಲಿ. ಅಲ್ಲಿ ಗಾಳಿ ತೆಗೆದು ಕಾಯಿಲ್ ಹಾಕುವ ಯೋಚನೆಗೇ ಜಾಗವಿಲ್ಲ.

ಕಾರಿನಲ್ಲಿ ಮಾತ್ರ ಗಾಳಿ ಬಂದಾಗಲೆಲ್ಲ ಅದರ ಬೆನ್ನಿಗೇ ಕಾಯಿಲ್ ವಾಪಸು ಬಂದಿದೆ. 1957ರ ಕ್ಯಾಡಿಲ್ಯಾಕ್ ಎಲ್ಡೊರಾಡೊ ಬ್ರೂಮ್ ನಾಲ್ಕೂ ಚಕ್ರಗಳಿಗೆ ಗಾಳಿ ಸ್ಪ್ರಿಂಗ್ ಹೊತ್ತು ಬಂತು. ಮರುವರ್ಷವೇ ಜನರಲ್ ಮೋಟರ್ಸ್ ತನ್ನ ಶೆವ್ರೊಲೆ, ಪಾಂಟಿಯಾಕ್, ಓಲ್ಡ್ಸ್‌ಮೊಬಿಲ್, ಬ್ಯೂಕ್ ಕಾರುಗಳಿಗೂ ಹೆಚ್ಚಿನ ಹಣಕ್ಕೆ ಈ ಸೌಲಭ್ಯ ಕೊಟ್ಟಿತು. ಆ ಕಾಲದ ಸೀಲುಗಳು, ವಾಲ್ವುಗಳು ಗಾಳಿಯನ್ನು ಹಿಡಿದಿಡಲಿಲ್ಲ. ಕಾರುಗಳು ರಾತ್ರೋರಾತ್ರಿ ಕುಸಿದವು. ಒಂದೆರಡು ವರ್ಷದಲ್ಲೇ ಕಂಪನಿಗಳು ಅದನ್ನು ಕೈಬಿಟ್ಟವು, ಕೊಂಡಿದ್ದವರು ಗ್ಯಾರೇಜುಗಳಲ್ಲಿ ಕಾಯಿಲ್ ಹಾಕಿಸಿಕೊಂಡರು. ಆ ಬ್ರೂಮ್‌ಗಳಲ್ಲಿ ಕಾರ್ಖಾನೆಯ ಗಾಳಿಯ ಮೇಲೆ ಇಂದಿಗೂ ನಿಂತಿರುವ ಕಾರು ಅಪರೂಪ, ಸಂಗ್ರಾಹಕರು ಅಂಥದ್ದನ್ನು ಹುಡುಕುತ್ತಾರೆ. ಎಲೆಕ್ಟ್ರಾನಿಕ್ ನಿಯಂತ್ರಣ ಅಗ್ಗವಾದ ಮೇಲೆ ಅಮೆರಿಕದಲ್ಲಿ ಗಾಳಿ ಮತ್ತೆ ಬಂದದ್ದು 1984ರ ಲಿಂಕನ್ ಮಾರ್ಕ್ 7ರಲ್ಲಿ. ಬ್ರಿಟನ್ನಿನ ರೇಂಜ್ ರೋವರ್ ಕತೆ ಇನ್ನೂ ಸ್ವಾರಸ್ಯದ್ದು. ಲ್ಯಾಂಡ್ ರೋವರ್‌ಗಳೆಲ್ಲ ಕಮಾನು ಪಟ್ಟಿಯ ಮೇಲಿದ್ದ 1970ರಲ್ಲಿ ಅದು ಉದ್ದನೆಯ ಕಾಯಿಲ್ ಸ್ಪ್ರಿಂಗ್‌ಗಳಿಂದಲೇ ಹೆಸರು ಮಾಡಿತು. 1992ರಲ್ಲಿ ಗಾಳಿಗೆ ಬದಲಾಯಿತು, 1994ರಲ್ಲಿ ಬಂದ ಎರಡನೆಯ ತಲೆಮಾರು ಪೂರ್ತಿ ಗಾಳಿಯ ಮೇಲೇ ನಿಂತಿತು. ಕಾರು ಹಳತಾದ ಮೇಲೆ ಅದನ್ನು ಕೊಂಡ ಸಾಮಾನ್ಯ ಜನ ಈಗ ಮನೆಯಂಗಳದಲ್ಲಿ ಮತ್ತೆ ಕಾಯಿಲ್ ಹಾಕಿಕೊಳ್ಳುತ್ತಿದ್ದಾರೆ.

ಇಂದಿನ ಗಾಳಿ ಸ್ಪ್ರಿಂಗ್ ಸಾಯುವ ಬಗೆ ತಿಳಿದರೆ ಅರ್ಧ ರಿಪೇರಿ ಆದಂತೆ. ಚೀಲದ ರಬ್ಬರು ಕೆಳಗೆ ಒಳಮಡಚಿಕೊಂಡು ಉರುಳುವ ಜಾಗವೊಂದಿದೆ. ಕಾರು ಕುಣಿದಾಗಲೆಲ್ಲ ಅಲ್ಲೇ ಮಡಚಬೇಕು, ಅಲ್ಲೇ ಬಿಚ್ಚಿಕೊಳ್ಳಬೇಕು. ವರ್ಷಗಳು ಕಳೆದಂತೆ ಆ ಮಡಿಕೆಯಲ್ಲಿ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ಸೊಲೆನಾಯ್ಡಿನ ಸುತ್ತಲಿನ ರಬ್ಬರ್ ಓ-ರಿಂಗ್ ಕೂಡ ಗಟ್ಟಿಯಾಗಿ ಚಪ್ಪಟೆಯಾಗುತ್ತದೆ. ಉತ್ತರ ಅಮೆರಿಕದ ಚಳಿ ಇದಕ್ಕೆ ಕೂಡಿಕೊಳ್ಳುತ್ತದೆ: ಹಗಲು 20 ಡಿಗ್ರಿ ಇದ್ದ ಗಾಳಿ ರಾತ್ರಿ ಸೊನ್ನೆಗಿಂತ 10 ಡಿಗ್ರಿ ಕೆಳಗಿಳಿದರೆ ಸೋರದೆಯೇ ಹತ್ತರಲ್ಲೊಂದು ಭಾಗ ಕುಗ್ಗುತ್ತದೆ, ಚಳಿಗೆ ಬಿರುಸಾದ ರಬ್ಬರು ಆಗಲೇ ಸೋರಲೂ ತೊಡಗುತ್ತದೆ. ಸೋರಿದ್ದನ್ನು ತುಂಬಲು ಕಂಪ್ರೆಸರ್ ಮತ್ತೆ ಮತ್ತೆ ಓಡಬೇಕು. ಅದು ಇರುವುದು ಆಗೊಮ್ಮೆ ಈಗೊಮ್ಮೆ ಸ್ವಲ್ಪ ಹೊತ್ತು ಓಡಲಿಕ್ಕೆ. ಅದರ ಪಕ್ಕದಲ್ಲಿ ಗಾಳಿಯ ತೇವ ಹೀರುವ ಹರಳುಗಳ ಡ್ರೈಯರ್ ಡಬ್ಬಿ ಇದೆ. ವ್ಯವಸ್ಥೆ ಸರಿಯಿದ್ದಾಗ, ಭಾರ ಇಳಿದು ಹೆಚ್ಚಾದ ಗಾಳಿಯನ್ನು ಹೊರಬಿಡುವಾಗಲೂ ಅದೇ ಡಬ್ಬಿಯ ಮೂಲಕ ಬಿಡಲಾಗುತ್ತದೆ. ಆ ಒಣ ಗಾಳಿ ಹರಳಿನ ತೇವವನ್ನು ಹೊತ್ತುಕೊಂಡು ಹೋಗುತ್ತದೆ. ಚೀಲ ಸೋರುತ್ತಿದ್ದರೆ ಗಾಳಿ ಬಿರುಕಿನಿಂದಲೇ ಹೋಗಿಬಿಡುತ್ತದೆ, ಹರಳಿಗೆ ಒಣಗುವ ಅವಕಾಶವೇ ಸಿಗುವುದಿಲ್ಲ. ತೇವ ಪೈಪಿಗೆ, ವಾಲ್ವಿಗೆ ಇಳಿಯುತ್ತದೆ. ಕಡೆಗೆ ಕಂಪ್ರೆಸರ್ ಸುಡುತ್ತದೆ. ಹೆಚ್ಚಿನವರು ಸುಟ್ಟ ಕಂಪ್ರೆಸರನ್ನು ಕಂಡು ಅದನ್ನೇ ಮೊದಲು ಬದಲಾಯಿಸುತ್ತಾರೆ. ಸೋರಿಕೆ ಇದ್ದಲ್ಲೇ ಇರುತ್ತದೆ, ಹೊಸ ಕಂಪ್ರೆಸರೂ ಅದೇ ದಾರಿ ಹಿಡಿಯುತ್ತದೆ.

ಆದ್ದರಿಂದ ಕಾಯಿಲ್ ಕಿಟ್ ತರಿಸುವ ಮುನ್ನ ಸೋಪಿನ ನೀರನ್ನು ಬಾಟಲಿಯಲ್ಲಿ ತುಂಬಿ ಚೀಲದ ಮಡಿಕೆಗೆ, ಸೊಲೆನಾಯ್ಡಿನ ಬುಡಕ್ಕೆ, ಪೈಪು ಸೇರುವ ಜಾಗಗಳಿಗೆ ಸಿಂಪಡಿಸಿ ನೋಡಬೇಕು. ಗುಳ್ಳೆ ಏಳುವ ಜಾಗವೇ ರೋಗದ ಜಾಗ. ಸೋರುತ್ತಿರುವುದು ಓ-ರಿಂಗ್ ಆದರೆ ಕೆಲಸ ಚಿಲ್ಲರೆ ಕಾಸಿನಲ್ಲಿ ಮುಗಿಯುತ್ತದೆ. ಚೀಲವೇ ಬಿರಿದಿದ್ದರೂ ಟೌನ್ ಕಾರಿನ ಮಟ್ಟಿಗೆ ಎರಡು ಹೊಸ ಚೀಲ ಹಾಕುವುದಕ್ಕೂ ಎರಡು ಕಾಯಿಲ್ ಕೂರಿಸುವುದಕ್ಕೂ ಶ್ರಮದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಕಂಪ್ರೆಸರ್ ಗಟ್ಟಿಯಾಗಿದ್ದು, ಕಾರಿನಲ್ಲಿ ಆಗಾಗ ನಾಲ್ಕೈದು ಜನ ಓಡಾಡುವುದಿದ್ದರೆ ನಾನು ಹೊಸ ಚೀಲಗಳ ಪರವೇ. ಕಾಯಿಲ್‌ಗೆ ಬದಲಾಗುವುದು ಅರ್ಥವಾಗುವುದು ಬೇರೆ ಸ್ಥಿತಿಯಲ್ಲಿ: ಚೀಲ, ಕಂಪ್ರೆಸರ್, ಪೈಪು, ಸೆನ್ಸರ್ ಎಲ್ಲವೂ ಒಟ್ಟಿಗೆ ಮುಪ್ಪಾಗಿವೆ, ಕಾರು ವರ್ಷದಲ್ಲಿ ಬಹುಪಾಲು ಒಬ್ಬಿಬ್ಬರನ್ನಷ್ಟೇ ಹೊರುತ್ತದೆ, ಚಳಿಗಾಲದ ಒಂದು ಬೆಳಗ್ಗೆ ಆಫೀಸಿಗೆ ಹೊರಡುವಾಗ ಅದು ನೆಲಕಚ್ಚಿ ಕೂತರೆ ಬೇರೆ ದಾರಿಯಿಲ್ಲ. ಅಂಥವನಿಗೆ ಉಕ್ಕಿನ ಸುರುಳಿ ದೊಡ್ಡ ನೆಮ್ಮದಿ. ಅದು ರಾತ್ರಿ ಕುಸಿಯುವುದಿಲ್ಲ.

ಕೆಲಸಕ್ಕೆ ಇಳಿದವನು ಮೊದಲು ಹೋಗಬೇಕಾದ್ದು ಡಿಕ್ಕಿಗೆ. ಒಳಬದಿಯಲ್ಲಿ ಏರ್ ಸಸ್ಪೆನ್ಷನ್ನಿನ ಸ್ವಿಚ್ ಒಂದಿರುತ್ತದೆ. ಕಾರನ್ನೆತ್ತುವ ಮೊದಲು ಅದನ್ನು ಆಫ್ ಮಾಡಲೇಬೇಕು. ಆನ್ ಇದ್ದ ಹಾಗೇ ಎತ್ತಿದರೆ ಚಕ್ರ ಜೋತುಬೀಳುತ್ತದೆ, ಕಾರು ವಿಪರೀತ ಎತ್ತರದಲ್ಲಿದೆ ಎಂದು ಸೆನ್ಸರ್ ಹೇಳುತ್ತದೆ, ಮಾಡ್ಯೂಲ್ ಚೀಲದ ಗಾಳಿ ಬಿಡತೊಡಗುತ್ತದೆ. ಕೆಳಗೆ ಮಲಗಿ ಕೆಲಸ ಮಾಡುವವನ ಸುತ್ತ ಯಾವ ಭಾಗವೂ ತಾನಾಗಿ ಅಲುಗಕೂಡದು. ಎರಡನೆಯ ಎಚ್ಚರಿಕೆಯನ್ನು ಅನುಭವಸ್ಥರೂ ಮರೆಯುವುದುಂಟು. ಇದು ಹಿಂದಿನ ಚಕ್ರ ಎಳೆಯುವ ಕಾರು. ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು, ಗೇರ್ ಲಿವರನ್ನು ಪಾರ್ಕಿಗೆ ಹಾಕಿದರೆ ಬಿಗಿಯುವುದೂ ಅವನ್ನೇ. ಹಿಂಬದಿಯನ್ನು ಎತ್ತಿದ ಕ್ಷಣ ಕಾರನ್ನು ಹಿಡಿದು ನಿಲ್ಲಿಸುವ ಯಾವುದೂ ನೆಲದ ಮೇಲೆ ಉಳಿದಿರುವುದಿಲ್ಲ. ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಗಟ್ಟಿ ಅಡ್ಡಗಟ್ಟೆ ಕೊಡದೆ ಜಾಕಿ ಮುಟ್ಟಬಾರದು. ಎತ್ತಿದ ಮೇಲೆ ಚಾಸಿಯ ಕೆಳಗೆ ಎರಡು ಜಾಕ್ ಸ್ಟ್ಯಾಂಡ್. ಜಾಕಿ ಇರುವುದು ಎತ್ತಲಿಕ್ಕೆ ಮಾತ್ರ, ಅದರ ಮೇಲೆ ನಿಂತ ಕಾರಿನಡಿ ತಲೆ ಹಾಕಬಾರದು. ಕಾಂಕ್ರೀಟ್ ನೆಲ ಇಲ್ಲದ ಮನೆಯಲ್ಲಿ, ಮಣ್ಣಿನಂಗಳದಲ್ಲಿ, ಇಳಿಜಾರಿನಲ್ಲಿ ಈ ಕೆಲಸ ಬೇಡವೇ ಬೇಡ.

ಇನ್ನು ಗಾಳಿ ಬಿಡುವುದು. ಕುಸಿದ ಚೀಲದೊಳಗೂ ಒತ್ತಡ ಉಳಿದಿರಬಹುದು. ಫೋರ್ಡಿನ ಸೊಲೆನಾಯ್ಡ್‌ಗಳನ್ನು ಎರಡು ಹಂತದಲ್ಲಿ ತಿರುಗುವಂತೆ ಮಾಡಿದ್ದಾರೆ. ಕ್ಲಿಪ್ ತೆಗೆದು ಮೊದಲ ಹಂತಕ್ಕೆ ತಿರುಗಿಸಿದರೆ ಅದು ಒಂದಿಷ್ಟು ಹೊರಬಂದು ಅಲ್ಲೇ ತಡೆದು ನಿಲ್ಲುತ್ತದೆ, ಗಾಳಿ ಬುಸ್ಸೆಂದು ಹೋಗುತ್ತದೆ. ಸದ್ದು ಪೂರ್ತಿ ನಿಂತ ಮೇಲೆ ಎರಡನೆಯ ಹಂತಕ್ಕೆ ತಿರುಗಿಸಿ ಹೊರತೆಗೆಯಬೇಕು. ಅವಸರಪಟ್ಟು ಒಂದೇ ಏಟಿಗೆ ಎಳೆದರೆ ಅದು ಮುಖಕ್ಕೆ ಹಾರಬಹುದು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳದೆ ಈ ಹಂತಕ್ಕೆ ಬರಲೇಬಾರದು.

ಚೀಲ ಖಾಲಿಯಾದ ಮೇಲೆ ಉಳಿದದ್ದು ನೇರವಾದ ಕೆಲಸ. ಆಕ್ಸಲ್ಲಿಗೆ ಜಾಕಿಯ ಆಸರೆ ಕೊಟ್ಟು ಎರಡೂ ಬದಿಯ ಶಾಕ್ ಅಬ್ಸಾರ್ಬರ್‌ನ ಕೆಳಗಿನ ಬೋಲ್ಟ್ ಬಿಚ್ಚಬೇಕು. ಆಕ್ಸಲ್ ಕೆಳಗೆ ಜಾರದಂತೆ ಇಷ್ಟು ಹೊತ್ತು ತಡೆದಿದ್ದದ್ದು ಅವೇ. ಆಮೇಲೆ ಜಾಕಿಯನ್ನು ನಿಧಾನಕ್ಕೆ ಇಳಿಸುತ್ತ ಹೋಗುವುದು, ಬ್ರೇಕಿನ ರಬ್ಬರ್ ಪೈಪೂ ಎ.ಬಿ.ಎಸ್. ತಂತಿಯೂ ಬಿಗಿಯಾಗುತ್ತಿಲ್ಲ ಎಂದು ಪ್ರತಿ ಅಂಗುಲಕ್ಕೂ ನೋಡಿಕೊಳ್ಳುವುದು. ಚೀಲ ತೆಗೆದ ಜಾಗದಲ್ಲಿ ತುಕ್ಕಿನ ಹೊಪ್ಪಳೆ ಎದ್ದಿದ್ದರೆ ಅಲ್ಲೇ ನಿಲ್ಲಿಸಿ ಚೆನ್ನಾಗಿ ಪರೀಕ್ಷಿಸಬೇಕು. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಲ್ಲಿ ಚಾಸಿಯನ್ನು ಒಳಗಿಂದ ತಿಂದುಹಾಕುವುದು ಆ ಉಪ್ಪೇ. ಸುತ್ತಿಗೆಯಿಂದ ತಟ್ಟಿದಾಗ ಉಕ್ಕು ಗಣ್ ಎನ್ನದೆ ಪುಸ್ ಎಂದರೆ ಹೊಸ ಸ್ಪ್ರಿಂಗಿಗೆ ಅಲ್ಲಿ ನೆಲೆಯಿಲ್ಲ, ಮೊದಲು ಆಗಬೇಕಾದ್ದು ಬೆಸುಗೆ. ಗಟ್ಟಿ ಇದ್ದರೆ ಕಾಯಿಲ್‌ನ ತುದಿಗೆ ರಬ್ಬರ್ ಹಾಸು ಕೊಟ್ಟು, ಸುರುಳಿಯ ಕೊನೆ ತನ್ನ ತಡೆಗೆ ತಾಗಿ ಕೂರುವಂತೆ ತಿರುಗಿಸಿ ಇಟ್ಟು, ಆಕ್ಸಲ್ಲನ್ನು ಮತ್ತೆ ಎತ್ತಿ, ಶಾಕ್‌ಗಳನ್ನು ಸೇರಿಸಬೇಕು. ಸುರುಳಿ ತಡೆಗೆ ಕೂರದೆ ಅರ್ಧ ಸುತ್ತು ಆಚೀಚೆ ಆದರೆ ಕಾರು ಒಂದು ಕಡೆ ವಾಲುತ್ತದೆ, ತಿರುವಿನಲ್ಲಿ ಟಣ್ ಎಂದು ಜಾರುತ್ತದೆ. ಆಕ್ಸಲ್ಲನ್ನು ಹಿಡಿದ ಕಂಟ್ರೋಲ್ ಆರ್ಮ್‌ಗಳ ಬೋಲ್ಟ್ ಏನಾದರೂ ಸಡಿಲಿಸಿದ್ದರೆ ಅವನ್ನು ಕೊನೆಯ ಬಿಗಿ ಮಾಡುವುದು ಚಕ್ರಗಳ ಮೇಲೆ ಕಾರಿನ ಭಾರ ಕೂತ ಮೇಲೇ. ಜೋತಾಡುವ ಸ್ಥಿತಿಯಲ್ಲಿ ಬಿಗಿದರೆ ಒಳಗಿನ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಟೌನ್ ಕಾರಿನಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ ಇರುವುದರಿಂದ ಆಕ್ಸಲ್ ಇಳಿಸಿದಾಗ ಕಾಯಿಲ್ ಸಡಿಲವಾಗಿ ಕೈಯಿಂದಲೇ ಕೂರುತ್ತದೆ. ಈ ಅನುಕೂಲ ಎಲ್ಲ ಕಾರಿಗಿಲ್ಲ. ಸ್ಪ್ರಿಂಗ್ ಮತ್ತು ಶಾಕ್ ಒಂದೇ ಕಂಬವಾಗಿರುವ ಸ್ಟ್ರಟ್ ಕಾರುಗಳಲ್ಲಿ ಕಾಯಿಲ್ಲನ್ನು ಮೊದಲೇ ಅದುಮಿ ಹಿಡಿಯಬೇಕು. ನಾವು ಮೇಲೆ ಲೆಕ್ಕ ಹಾಕಿದ ಸ್ಪ್ರಿಂಗ್ 400 ಕೆ.ಜಿ. ಹೊತ್ತು 17 ಸೆಂಟಿಮೀಟರ್ ಕುಗ್ಗಿದಾಗ ಅದರಲ್ಲಿ ಅಡಗಿರುವ ಶಕ್ತಿ ಸುಮಾರು 340 ಜೂಲ್. ಒಂದು ಮೀಟರ್ ಎತ್ತರದಿಂದ 35 ಕೆ.ಜಿ.ಯ ಕಲ್ಲು ಬಿದ್ದಷ್ಟು. ಅಗ್ಗದ ಸ್ಪ್ರಿಂಗ್ ಕಂಪ್ರೆಸರ್ ಹಿಡಿದು ಮನೆಯಲ್ಲಿ ಅಂಥ ಸ್ಟ್ರಟ್ ಬಿಚ್ಚುವುದನ್ನು ನಾನು ಯಾರಿಗೂ ಹೇಳಲಾರೆ. ಜೋಡಿಸಿಯೇ ಬರುವ ಪೂರ್ತಿ ಸ್ಟ್ರಟ್ ತರಿಸಬೇಕು, ಇಲ್ಲವೇ ಆ ಭಾಗವನ್ನು ಗ್ಯಾರೇಜಿನಲ್ಲಿ ಮಾಡಿಸಬೇಕು.

ಬೆಂಗಳೂರಿನ ಹಳೆಯ ಐಷಾರಾಮಿ ಕಾರುಗಳ ಮಾರುಕಟ್ಟೆಯಲ್ಲಿ ಕೈಗೆಟಕುವ ಬೆಲೆಗೆ ಸಿಗುವ ಮರ್ಸಿಡಿಸ್ ಎಸ್-ಕ್ಲಾಸ್, ಆಡಿ ಕ್ಯೂ7, ರೇಂಜ್ ರೋವರ್‌ಗಳಲ್ಲಿ ಹಲವು ಈ ಸ್ಟ್ರಟ್ ಜಾತಿಗೇ ಸೇರಿದವು. ಅವುಗಳ ಕಷ್ಟ ಕಾಯಿಲ್ ಕೂರಿಸುವಲ್ಲಿಗೆ ಮುಗಿಯುವುದೂ ಇಲ್ಲ. ಗಾಳಿಯ ಚೀಲದೊಳಗೇ ವಿದ್ಯುತ್ತಿನಿಂದ ಬಿಗಿ ಬದಲಿಸುವ ಶಾಕ್ ಇರಬಹುದು. ಎತ್ತರದ ಸೆನ್ಸರ್ ಹೇಳುವುದನ್ನು ಹೆಡ್‌ಲೈಟಿನ ಮಾಡ್ಯೂಲೂ ಕೇಳಿಸಿಕೊಳ್ಳುತ್ತಿರಬಹುದು. ಆಫ್‌ರೋಡ್ ಗಾಡಿಗಳಲ್ಲಿ ಎಡಬಲದ ಚೀಲಗಳನ್ನು ಒಂದಕ್ಕೊಂದು ತೆರೆದು ಚಕ್ರಗಳು ನೆಲ ಬಿಡದಂತೆ ನೋಡಿಕೊಳ್ಳುವ ವಾಲ್ವುಗಳಿವೆ. ಇಷ್ಟನ್ನೂ ಕಿತ್ತು ನಾಲ್ಕು ಸುರುಳಿ ಇಟ್ಟರೆ ಕಾರು ಓಡುತ್ತದೆ, ಆದರೆ ಅದನ್ನು ರೂಪಿಸಿದವರು ಯೋಚಿಸಿದ್ದ ಕಾರಾಗಿ ಓಡುವುದಿಲ್ಲ. ಇವುಗಳಿಗೆ ನಾನು ಕಾಯಿಲ್ ಸೂಚಿಸುವುದಿಲ್ಲ. ಸೋರುವ ಸ್ಟ್ರಟ್ಟನ್ನು ಪುನರ್ನಿರ್ಮಿಸಿ ಕೊಡುವವರು ಈಗ ಇದ್ದಾರೆ, ಆ ದಾರಿ ಮೇಲು.

ಕಾನೂನನ್ನೂ ನೋಡಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಇಲ್ಲಿ ಇಂಥ ಬದಲಾವಣೆಗೆ ಕೈಹಾಕುವವರು ಮೊದಲು ಆರ್.ಟಿ.ಒ. ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಬರಹದಲ್ಲಿ ಕೇಳಿ ಉತ್ತರ ಪಡೆಯಬೇಕು. ಅಪಘಾತವಾದ ಮೇಲೆ ಈ ಚರ್ಚೆ ಶುರುವಾಗಬಾರದು.

ಮತ್ತೆ ಟೌನ್ ಕಾರಿಗೆ ಬರೋಣ. ಯಾವ ಸ್ಪ್ರಿಂಗ್ ಹಾಕಬೇಕು ಎಂಬಲ್ಲಿ ಜನ ಎಡವುತ್ತಾರೆ. ಗಟ್ಟಿ ಇದ್ದಷ್ಟೂ ಒಳ್ಳೆಯದೆಂದು ಪೊಲೀಸ್ ಮಾದರಿಯ ಕಾಯಿಲ್ ತಂದು ಹಾಕಿ, ಆಮೇಲೆ ಕಾರು ಒದೆಯುತ್ತದೆ ಎಂದು ಕೊರಗುತ್ತಾರೆ. ಖಾಲಿ ಕಾರಿಗೆ ಮೆದುವಾದದ್ದನ್ನು ಹಾಕಿದವರ ಮನೆಗೆ ನಾಲ್ವರು ನೆಂಟರು ಬಂದ ದಿನ ಹಿಂಬದಿ ನೆಲಕ್ಕಿಳಿದು, ಹೆಡ್‌ಲೈಟು ಆಕಾಶ ನೋಡಿ, ಎದುರಿನವರ ಕಣ್ಣಿಗೆ ಚುಚ್ಚುತ್ತದೆ. ಮೊದಲ ಲೆಕ್ಕದ ಆ 43 ಮಿಲಿಮೀಟರ್ ರಸ್ತೆಯಲ್ಲಿ ಕಾಣಿಸಿಕೊಳ್ಳುವುದು ಹೀಗೆ. ವರ್ಷದಲ್ಲಿ ಈ ಕಾರು ಹೆಚ್ಚು ದಿನ ಹೊರುವ ಭಾರ ಎಷ್ಟು ಎಂದು ಪ್ರಾಮಾಣಿಕವಾಗಿ ಯೋಚಿಸಿ ಅದಕ್ಕೆ ತಕ್ಕದ್ದನ್ನು ಆರಿಸಬೇಕು, ಅಪರೂಪದ ದಿನಗಳಿಗೆ ಹೊಂದಿಕೊಳ್ಳಬೇಕು. ಶಾಕ್‌ಗಳು ಕಾರಿನಷ್ಟೇ ಹಳೆಯವಾಗಿದ್ದರೆ ಅವನ್ನೂ ಈಗಲೇ ಬದಲಾಯಿಸುವುದು ಲೇಸು. ಹೊಸ ಸ್ಪ್ರಿಂಗಿನ ಪುಟಿತವನ್ನು ತಡೆಯುವ ಬಲ ಸವೆದ ಶಾಕಿನಲ್ಲಿ ಇರುವುದಿಲ್ಲ.

ಡ್ಯಾಶ್‌ಬೋರ್ಡಿನ ಎಚ್ಚರಿಕೆಯ ದೀಪವನ್ನು ನಂದಿಸಲು ಹಲವರು ಏರ್ ಸಸ್ಪೆನ್ಷನ್ ಮಾಡ್ಯೂಲನ್ನೇ ಕಿತ್ತುಹಾಕುತ್ತಾರೆ. 1990ರ ದಶಕದ ಅನೇಕ ಟೌನ್ ಕಾರ್‌ಗಳಲ್ಲಿ ವೇಗಕ್ಕೆ ತಕ್ಕಂತೆ ಪವರ್ ಸ್ಟೀರಿಂಗಿನ ನೆರವನ್ನು ಹೆಚ್ಚುಕಡಿಮೆ ಮಾಡುವ ಕೆಲಸವೂ ಅದೇ ಪೆಟ್ಟಿಗೆಯದು. ಅದನ್ನು ಕಿತ್ತರೆ ಸ್ಟೀರಿಂಗಿನ ನಡತೆ ಬದಲಾಗುತ್ತದೆ. ಮಾಡ್ಯೂಲ್ ಇರಲಿ, ಡಿಕ್ಕಿಯ ಸ್ವಿಚ್ ಆಫ್ ಆಗಿರಲಿ. ದೀಪಕ್ಕೆ ಕಿಟ್ ಜೊತೆ ಬರುವ ಸಾಧನ ಬಳಸಿ. ಫ್ಯೂಸ್ ತೆಗೆಯುವುದಿದ್ದರೆ ಅದೇ ಫ್ಯೂಸಿಗೆ ಇನ್ನೇನು ಸೇರಿದೆ ಎಂದು ವೈರಿಂಗ್ ನಕ್ಷೆಯಲ್ಲಿ ನೋಡಿದ ಮೇಲೆ ತೆಗೆಯಿರಿ.

ಎತ್ತರವನ್ನು ಅಳೆಯುವುದು ನೆಲದಿಂದಲ್ಲ, ಚಕ್ರದ ನಡುವಿನ ಬಿಂದುವಿನಿಂದ ಮಡ್‌ಗಾರ್ಡಿನ ಅಂಚಿಗೆ. ಆಗ ಟೈರಿನ ಗಾಳಿ ಲೆಕ್ಕ ಕೆಡಿಸುವುದಿಲ್ಲ. ಚೀಲಗಳು ಇನ್ನೂ ಕೆಲಸ ಮಾಡುತ್ತಿದ್ದ ದಿನ ಬರೆದಿಟ್ಟುಕೊಂಡ ಅಳತೆಗೂ ಈಗಿನ ಅಳತೆಗೂ ಬಹಳ ಅಂತರವಿದ್ದರೆ ಪ್ರೊಪೆಲ್ಲರ್ ಶಾಫ್ಟ್ ಆಕ್ಸಲ್ಲಿಗೆ ಸೇರುವ ಕೋನ ಬದಲಾಗಿ, ಹೆದ್ದಾರಿಯ ವೇಗದಲ್ಲಿ ಸೀಟಿನಡಿ ನಡುಕ ಶುರುವಾಗುತ್ತದೆ. ಮೊದಲ ಕೆಲವು ವಾರಗಳಲ್ಲಿ ಹೊಸ ಸ್ಪ್ರಿಂಗ್ ತುಸು ಕೂರುತ್ತದೆ. ಅದಕ್ಕೇ ಬೋಲ್ಟ್‌ಗಳನ್ನು ಮತ್ತೊಮ್ಮೆ ಟಾರ್ಕ್ ಸ್ಪ್ಯಾನರ್‌ನಲ್ಲಿ ನೋಡುವುದನ್ನೂ ಹೆಡ್‌ಲೈಟ್ ಹೊಂದಿಸುವುದನ್ನೂ ಅದು ಕೂತಾದ ಮೇಲೆ ಇನ್ನೊಂದು ಸಲ ಮಾಡಬೇಕು. ಬಿಚ್ಚಿದ ಗಾಳಿ ಪೈಪುಗಳ ಬಾಯಿಗೆ ಮುಚ್ಚಳ ಹಾಕಿ ಚಾಸಿಗೆ ಕಟ್ಟಿಡಿ. ಸೊಲೆನಾಯ್ಡ್‌ಗಳನ್ನೂ ಅವುಗಳ ಕ್ಲಿಪ್‌ಗಳನ್ನೂ ಡಬ್ಬಿಯಲ್ಲಿ ಎತ್ತಿಡಿ. ಹಾಕಿದ ಸ್ಪ್ರಿಂಗಿನ ನಂಬರು, ತಾರೀಕು, ಮುಂಚಿನ ಮತ್ತು ಈಗಿನ ಎತ್ತರಗಳನ್ನು ಸರ್ವೀಸ್ ಪುಸ್ತಕದಲ್ಲಿ ಬರೆಯಿರಿ. ಮುಂದೆ ಈ ಕಾರು ಕೊಳ್ಳುವವರು ಡಿಕ್ಕಿಯ ಸ್ವಿಚ್ ಯಾಕೆ ಆಫ್ ಆಗಿದೆ ಎಂದು ಆ ಪುಟ ನೋಡಿಯೇ ತಿಳಿದುಕೊಳ್ಳಬೇಕು.